ಕಾರಿನ ವಾಸನೆ ಹಿಡಿದ ಮೊಮ್ಮಗಳು

“ನಾ ಆ ಗಾಡ್ಯಾಗ ಕೂಡಂಗಿಲ್ಲ. ಬಸ್ಸಿಗೆ ಹೋಗ್ತೀನಿ.”

ಹೀಗೆಂದು ನನ್ನ ಹೆಂಡತಿ ಕಾರಿನ ಬಾಗಿಲು ದಡ್ ಎಂದು ಮುಚ್ಚಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ನಾವಿರುವುದು ಬಸವನ ಬಾಗೇವಾಡಿಯಲ್ಲಿ. ಹೋಗಬೇಕಾಗಿದ್ದದ್ದು ಇಂಡಿಗೆ. ಅಲ್ಲಿ ಅವಳ ಅಕ್ಕ ಇದ್ದಾರೆ. ಎಂಬತ್ತೈದು ದಾಟಿದ ಜೀವ, ಎರಡು ತಿಂಗಳಿಂದ ಹಾಸಿಗೆ ಹಿಡಿದಿದೆ. ಮೊಣಕಾಲು ನೋವಿನ ಇವಳು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಇಂಡಿ ಮುಟ್ಟುವುದು ಆಗದ ಮಾತು. ಹಿಂದಿನ ಸಲ ಕಾರಿನಲ್ಲಿ ಹೊರಟಾಗ ದೇವರ ಹಿಪ್ಪರಗಿ ಬರುವುದರೊಳಗೆ ಎರಡು ಸಲ ಗಾಡಿ ನಿಲ್ಲಿಸಿ, ರಸ್ತೆ ಬದಿಗೆ ವಾಂತಿ ಮಾಡಿಕೊಂಡು, ಅಕ್ಕನ ಮುಖ ನೋಡದೆಯೇ ತಿರುಗಿ ಬಂದಿದ್ದಳು.

“ಏನ ವಾಸನಿ? ನನಗೇನೂ ಬರವಲ್ದು” ಎಂದು ನಾನು ವಾದಕ್ಕೆ ನಿಂತಿದ್ದೆ. ನಿಜವಾಗಿಯೂ ನನಗೆ ಬರುತ್ತಿರಲಿಲ್ಲ. ಅದರಲ್ಲಿ ನನ್ನ ತಪ್ಪೂ ಇರಲಿಲ್ಲ, ಅವಳ ಸುಳ್ಳೂ ಇರಲಿಲ್ಲ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗದೆ ನೆಂಟರಿಗೆ ಗೊತ್ತಾಗುವುದು ಇದಕ್ಕೇ. ಜೊತೆಗೆ ಅರವತ್ತು ದಾಟಿದ ಮೇಲೆ ಕಣ್ಣು ಕಿವಿಯಂತೆ ಮೂಗೂ ಮಂದವಾಗುತ್ತ ಹೋಗುತ್ತದೆ. ಚಷ್ಮಾ ಹಾಕಿಕೊಳ್ಳುವ ನಾವು ಮೂಗಿನ ಮಾತು ಬಂದರೆ ಮಾತ್ರ ಒಪ್ಪಿಕೊಳ್ಳುವುದಿಲ್ಲ.

ಹಾಗಂತ ಸುಮ್ಮನೆ ಕೂತಿರಲಿಲ್ಲ. ಸೆಂಟಿನ ಬಾಟಲಿ ತಂದು ಸಿಂಪಡಿಸಿದೆ. ಹಳೆಯ ವಾಸನೆಗೆ ಮಲ್ಲಿಗೆ ಸೇರಿ ಇನ್ನೂ ಕೆಟ್ಟಿತು. ಗೆಳೆಯರೊಬ್ಬರು ಊದಿನಕಡ್ಡಿ ಹಚ್ಚಿಡಿ ಎಂದರು. ಸೀಟಿನ ಬಟ್ಟೆ, ಸ್ಪಂಜು ತುಂಬಿದ ಜಾಗದಲ್ಲಿ ಬೆಂಕಿ ಇಡುವ ಕೆಲಸ ಯಾರೂ ಮಾಡಬಾರದು. ಇನ್ನೊಬ್ಬರು ನುಸಿಗುಳಿಗೆ ಹೇಳಿದರು. ಬಿಸಿಲಿಗೆ ಕಾದ ಕಾರಿನಲ್ಲಿ ಅದರ ಹಬೆ ತುಂಬಿಕೊಳ್ಳುತ್ತದೆ, ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ವಿಷ. ಅದನ್ನೂ ಬಿಟ್ಟೆ. ಕೊನೆಗೆ, ಇಂಡಿಯ ನೆಂಟಸ್ತನ ಇದ್ದ ಮೇಲೆ ಕೇಳಬೇಕೆ, ಹತ್ತು ಲಿಂಬೆಹಣ್ಣು ಹೆಚ್ಚಿ ಸೀಟಿನ ಕೆಳಗೆ ಇಟ್ಟೆ. 2023ರಲ್ಲಿ ಜಿಐ ಮಾನ್ಯತೆ ಪಡೆದ ಹಣ್ಣು, ಸಾಮಾನ್ಯದ್ದಲ್ಲ! ಮರುದಿನ ಇರುವೆಗಳು ಸಾಲುಗಟ್ಟಿ ಬಂದವು. ವಾಸನೆ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ನಾಗರಪಂಚಮಿ ಬಂತು. ಸಿಂದಗಿಯಿಂದ ಮಗಳು, ಮೊಮ್ಮಗಳು ಬಂದರು. ಮೊಮ್ಮಗಳು ಆರನೇ ತರಗತಿ. ಜೋಕಾಲಿ ಆಡಿ ಬೇಜಾರಾದಾಗ ಕಾರಿನ ಬಾಗಿಲು ತೆಗೆದವಳೇ ಮೂಗು ಮುಚ್ಚಿಕೊಂಡು, “ಮುತ್ಯಾ, ಇದ್ರಾಗ ಏನೋ ಸತ್ತೈತಿ!” ಎಂದಳು. “ಹುಡುಕು ನೋಡೋಣು” ಎಂದೆ.

ಅವಳು ಹುಡುಕಿದ ರೀತಿ ಯಾವ ಪತ್ತೇದಾರನಿಗೂ ಕಡಿಮೆ ಇರಲಿಲ್ಲ. ಮೊದಲು ಕಾರನ್ನು ಖಾಲಿ ಮಾಡಿಸಿದಳು. ಗಾಜು ಏರಿಸಿ ಅರ್ಧ ತಾಸು ಬಿಸಿಲಿಗೆ ಬಿಡಲು ಹೇಳಿದಳು. ಬಿಸಿ ತಾಗಿದರೆ ವಾಸನೆಯ ಕಣಗಳು ಹೆಚ್ಚು ಹಾರುತ್ತವೆ, ಹುಡುಕುವುದು ಸುಲಭ. (ಮಕ್ಕಳೇ, ಹೀಗೆ ಗಾಜು ಮುಚ್ಚುವಾಗ ಒಳಗೆ ಯಾರೂ ಇರಬಾರದು, ನಾಯಿಮರಿ ಕೂಡ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರಬಲ್ಲದು.) ಆಮೇಲೆ ಬಾಗಿಲು ತೆಗೆದು, ಗಾಳಿ ಆಡಿದ ಮೇಲೆ ಒಂದೊಂದೇ ಜಾಗ ಮೂಸಿದಳು. ಮೂರು ಕಡೆ ಮೂಸಿದ ಮೇಲೆ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಉಸಿರಾಡಿ, ಮೂಗನ್ನು ತಾಜಾ ಮಾಡಿಕೊಂಡು ಮತ್ತೆ ಒಳಗೆ. ಡಿಕ್ಕಿ ಅಲ್ಲ, ಮುಂದಿನ ಸೀಟು ಅಲ್ಲ. ಡ್ರೈವರ್ ಸೀಟಿನ ಹಿಂದೆ, ಕಾಲಿಡುವಲ್ಲಿ ಬಗ್ಗಿದವಳು ಮ್ಯಾಟ್ ಎತ್ತಿ ಕೂಗಿದಳು: “ಮುತ್ಯಾ, ಇಲ್ಲೈತಿ! ಕೆಟ್ಟ ತುಪ್ಪದ ವಾಸನಿ!”

ಆಗ ನೆನಪಾಯಿತು. ಆಷಾಢಕ್ಕೆ ಮೊದಲು ಮುದ್ದೇಬಿಹಾಳಕ್ಕೆ ನೆಂಟರ ಮನೆಗೆ ಹೋಗಿದ್ದಾಗ ಅವರು ಒಂದು ಕ್ಯಾನು ಎಮ್ಮೆ ಹಾಲು ಕೊಟ್ಟಿದ್ದರು. ದಾರಿಯ ಹಂಪುಗಳಲ್ಲಿ ಮುಚ್ಚಳ ಸಡಿಲಾಗಿ ಚೆಲ್ಲಿತ್ತು. ಮ್ಯಾಟ್ ಒರೆಸಿದ್ದೆ, ಕೆಲಸ ಮುಗಿಯಿತೆಂದುಕೊಂಡಿದ್ದೆ. ಹಾಲು ಅದರ ಕೆಳಗಿನ ಕಾರ್ಪೆಟ್ಟಿಗೆ, ಅದರಡಿಯ ಸ್ಪಂಜಿಗೆ ಇಳಿದಿತ್ತು.

ಅಲ್ಲಿ ನಡೆದದ್ದು ಇಷ್ಟು. ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡಿದವು. ನಂತರ ಹಾಲಿನ ಕೊಬ್ಬು ಒಡೆದು ಬ್ಯುಟಿರಿಕ್ ಆಮ್ಲ ಹೊರಬಂತು. ಕೆಟ್ಟ ಬೆಣ್ಣೆಗೆ, ವಾಂತಿಗೆ ಇರುವ ವಾಸನೆ ಇದರದೇ. ನನ್ನ ಹೆಂಡತಿಗೆ ಹೊಟ್ಟೆ ತೊಳಸಿದ್ದರಲ್ಲಿ ಆಶ್ಚರ್ಯವೇನು?

ಲಿಂಬೆ ಸೋತದ್ದೂ ಈಗ ತಿಳಿಯಿತು. ಲಿಂಬೆರಸ ಆಮ್ಲ, ಹಾಲಿನ ವಾಸನೆಯೂ ಆಮ್ಲ. ಹುಳಿಗೆ ಹುಳಿ ಹಾಕಿದರೆ ಏನಾದೀತು? ಆಲಮಟ್ಟಿ ಹಿನ್ನೀರಿನ ಮೀನು ಒಯ್ದ ಗಾಡಿಯಾಗಿದ್ದರೆ ಲಿಂಬೆ ಗೆಲ್ಲುತ್ತಿತ್ತು. ಮೀನಿನ ವಾಸನೆ ಅಮೈನ್ ಎಂಬ ಕ್ಷಾರ ಪದಾರ್ಥಗಳದು, ಹುಳಿ ಅದನ್ನು ಲವಣವಾಗಿಸಿ ಕಟ್ಟಿಹಾಕುತ್ತದೆ. ಲವಣ ಗಾಳಿಗೆ ಹಾರುವುದಿಲ್ಲ, ಹಾರದ್ದು ಮೂಗಿಗೆ ಬರುವುದಿಲ್ಲ. ಹಾಲಿಗೆ ಬೇಕಾದದ್ದು ಕ್ಷಾರ. ಅದು ಅಡುಗೆಮನೆಯಲ್ಲೇ ಇತ್ತು: ಭಜಿಗೆ ಹಾಕುವ ಸೋಡಾ.

ಮ್ಯಾಟ್ ತೆಗೆದು ಬೇರೆ ತೊಳೆದೆವು. ಕಾರ್ಪೆಟ್ಟಿಗೆ ತಣ್ಣೀರು, ಸ್ವಲ್ಪ ಸಾಬೂನು. ಬಿಸಿನೀರು ಹಾಕಬಾರದು, ಹಾಲಿನ ಪ್ರೋಟೀನು ಗಟ್ಟಿಯಾಗಿ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಉಜ್ಜುವ ಬದಲು ಒಣ ಬಟ್ಟೆ ಒತ್ತಿ ಒತ್ತಿ ನೀರು ಹೀರಿ ತೆಗೆದೆವು, ಐದಾರು ಸಲ. ಆಮೇಲೆ ಸೋಡಾ ಕರಗಿಸಿದ ನೀರು ಹಾಕಿ ಮತ್ತೆ ಒತ್ತಿ ತೆಗೆದು, ಮೇಲೆ ಒಣ ಸೋಡಾ ಉದುರಿಸಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಬ್ರಷ್ಷಿನಿಂದ ತೆಗೆದೆವು. (ಬಣ್ಣದ ಬಟ್ಟೆಯಾದರೆ ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ.) ನಾಲ್ಕೂ ಬಾಗಿಲು ತೆರೆದು ಎರಡು ದಿನ ಒಣಗಿಸಿದೆವು. ಹಾಲು ಸ್ಪಂಜಿನ ಆಳಕ್ಕೆ ಇಳಿದಿದ್ದರೆ ಇದೂ ಸಾಲದು, ಸೀಟು ಬಿಚ್ಚಿ ತೊಳೆಯುವವರ ಹತ್ತಿರವೇ ಒಯ್ಯಬೇಕು.

ಉಳಿದ ಚೂರು ವಾಸನೆಗೆ ಇದ್ದಿಲು. ಅಂಗಡಿಯಲ್ಲಿ ಸಿಗುವ ಸಕ್ರಿಯ ಇದ್ದಿಲಿನ ಚೀಲ ಒಂದು ಇಟ್ಟೆ. ಅದರ ಒಂದು ಗ್ರಾಮಿನ ಒಳಗಿರುವ ಸೂಕ್ಷ್ಮ ರಂಧ್ರಗಳ ಮೈಯನ್ನೆಲ್ಲ ಹರಡಿದರೆ 500 ಚದರ ಮೀಟರಿಗೂ ಮಿಕ್ಕೀತು, ಅಂದರೆ ಮೂರು ವಾಲಿಬಾಲ್ ಅಂಗಳ. ವಾಸನೆಯ ಕಣಗಳು ಅಲ್ಲಿ ಹೋಗಿ ಅಂಟಿಕೊಳ್ಳುತ್ತವೆ. ಮೊಮ್ಮಗಳು ಇದನ್ನು ನಂಬಲು ಬಹಳ ಹೊತ್ತು ತೆಗೆದುಕೊಂಡಳು.

ಇಷ್ಟಾದರೂ ಎ.ಸಿ. ಹಾಕಿದಾಗ ಹಸಿ ಗೋಣಿಚೀಲದ ವಾಸನೆ ಬಂತು. ಅದು ಬೇರೆಯೇ ಕಥೆ. ಎ.ಸಿ.ಯ ತಣ್ಣನೆಯ ಸುರುಳಿಯ ಮೇಲೆ ನೀರು ಕಟ್ಟುತ್ತದೆ, ಧೂಳು ಸೇರಿ ಬೂಷ್ಟು ಬೆಳೆಯುತ್ತದೆ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಧೂಳಿಗೇನು ಬರವೆ? ಮುಂದಿನ ಎಡಸೀಟಿನ ಎದುರಿನ ಡಬ್ಬಿಯ ಹಿಂದೆ ಗಾಳಿ ಸೋಸುವ ಫಿಲ್ಟರ್ ಇರುತ್ತದೆ. ನಮ್ಮದನ್ನು ತೆಗೆದಾಗ ಹೊಲದ ಮಣ್ಣೇ ಉದುರಿತು. ಹೊಸದು ಹಾಕಿಸಿದೆ. ಈಗ ಊರು ಮುಟ್ಟಲು ಐದು ನಿಮಿಷ ಇರುವಾಗಲೇ ಎ.ಸಿ. ಆರಿಸಿ ಬರೀ ಫ್ಯಾನ್ ಓಡಿಸುತ್ತೇನೆ, ಸುರುಳಿ ಒಣಗುತ್ತದೆ. ತಮಾಷೆಯೆಂದರೆ, ಮೊದಲ ಮಳೆಗೆ ಎರೆಹೊಲದಿಂದ ಏಳುವ ಆ ಘಮಕ್ಕೂ ಸೂಕ್ಷ್ಮಜೀವಿಗಳೇ ಕಾರಣ. ಅವು ಮಾಡುವ ಜಿಯೋಸ್ಮಿನ್ ಎಂಬ ವಸ್ತು ಅದು. ಹೊಲದಲ್ಲಿ ಎದೆತುಂಬ ಎಳೆದುಕೊಳ್ಳುವ ಮಣ್ಣಿನ ವಾಸನೆಯನ್ನು ಕಾರಿನಲ್ಲಿ ಯಾರೂ ಸಹಿಸುವುದಿಲ್ಲ.

ಕೆಲವು ವಾಸನೆಗಳಿಗೆ ಮಾತ್ರ ಸೋಡಾ ಹುಡುಕುತ್ತ ಕೂರಬಾರದು. ಪೆಟ್ರೋಲ್, ಗ್ಯಾಸ್, ಸುಟ್ಟ ವೈರು, ಕೊಳೆತ ಮೊಟ್ಟೆ, ಇಲ್ಲವೇ ಸಿಹಿಸಿಹಿ ಪಾಕದಂಥ ವಾಸನೆ ಬಂದರೆ ಗಾಡಿ ಬದಿಗೆ ನಿಲ್ಲಿಸಿ, ಎಲ್ಲರೂ ಇಳಿದು, ಮೆಕ್ಯಾನಿಕ್‌ಗೆ ಹೇಳಬೇಕು. ಹೊಗೆಯ ವಾಸನೆ ಒಳಗೆ ಬಂದರೂ ಅಷ್ಟೇ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಅದೇ ಅದರ ಅಪಾಯ. ಹಿಂದೆ ಕೂತ ಮಕ್ಕಳು “ಏನೋ ವಾಸನಿ” ಎಂದರೆ ಸುಮ್ಮನಿರಿಸಬೇಡಿ.

ಪಂಚಮಿ ಮುಗಿದ ಮೂರನೇ ದಿನ ನಸುಕಿನಲ್ಲೇ ಹೊರಟೆವು. ಹೆಂಡತಿ ಕಿಟಕಿ ಪಕ್ಕ ಸೆರಗು ಮೂಗಿಗೆ ಹಿಡಿದೇ ಕುಳಿತಳು. ದೇವರ ಹಿಪ್ಪರಗಿ ದಾಟಿತು. ಸಿಂದಗಿಯಲ್ಲಿ ಮಗಳನ್ನು ಇಳಿಸುವ ಹೊತ್ತಿಗೆ ಸೆರಗು ಹೆಗಲ ಮೇಲಿತ್ತು. ಮೊಮ್ಮಗಳು ಇಳಿಯಲಿಲ್ಲ, “ನಾ ಇಂಡಿಗೆ ಬರ್ತೀನಿ” ಎಂದು ಹಟ ಹಿಡಿದಳು. ಇಂಡಿಯಲ್ಲಿ ಅಕ್ಕತಂಗಿಯರು ಕೈ ಹಿಡಿದುಕೊಂಡು ಮಧ್ಯಾಹ್ನದ ತನಕ ಮಾತಾಡಿದರು. ಶೇಂಗಾ ಉಂಡಿಯ ಚೂರನ್ನು ತಂಗಿಯೇ ಅಕ್ಕನ ಬಾಯಿಗಿಟ್ಟಳು.

ಹೊರಡುವಾಗ ಆ ಮನೆಯವರು ಒಂದು ಚೀಲ ಲಿಂಬೆಹಣ್ಣು, ಜೊತೆಗೆ ಒಂದು ಕ್ಯಾನು ಮಜ್ಜಿಗೆ ತಂದರು. ಲಿಂಬೆ ಡಿಕ್ಕಿಗೆ ಹೋಯಿತು. ಮಜ್ಜಿಗೆಯ ಕ್ಯಾನನ್ನು ಮೊಮ್ಮಗಳು ಕೆಳಗಿಡಲು ಬಿಡಲಿಲ್ಲ. ಸಿಂದಗಿಯ ತನಕ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದಿದ್ದಳು.