‘ನುಡಿ’ ಕೀಲಿಮಣೆಯ ಹಿಂದಿರುವ ಹೆಸರು ಯಾರದು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ – ಈ ಪಟ್ಟಣಗಳ ಡಿಟಿಪಿ ಅಂಗಡಿಗಳಲ್ಲಿ ಕೆಲಸ ಕೇಳುವವರಿಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ ‘ನುಡಿ ಬರುತ್ತದೆಯೇ?’ ಎಂಬುದು. ಮದುವೆಯ ಕರೆಯೋಲೆಯಿಂದ ತಾಲ್ಲೂಕು ಕಚೇರಿಯ ಅರ್ಜಿಯವರೆಗೆ ಅದೇ ಕೀಲಿಮಣೆ ಬಳಕೆಯಲ್ಲಿದೆ. ಶಿಫ್ಟ್ ಕೀಲಿಯನ್ನು ಬಿಟ್ಟರೆ ‘ಹುಣಸೂರು’ ಎಂದು ಬರೆಯಲು ಏಳು ಬಾರಿ ಒತ್ತಿದರೆ ಸಾಕು. ಆದರೆ ಆ ಕೀಲಿಗಳ ಸ್ಥಾನವನ್ನು ನಿಶ್ಚಯಿಸಿದವರು ಯಾರೆಂದರೆ ಉತ್ತರಿಸುವವರು ವಿರಳ.

ಈ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ.ರಾವ್ ಅವರದು. 1940ರಲ್ಲಿ ಜನಿಸಿದ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಧ್ವನಿಯ ಆಧಾರದ ಮೇಲೆ ಹೊಂದಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದಲ್ಲಿ ನಡುವೆ ‘ಎಫ್’. ರಾಜ್ಯ ಸರ್ಕಾರ ಈ ವಿನ್ಯಾಸವನ್ನೇ ಶಿಷ್ಟತೆಯಾಗಿ ಒಪ್ಪಿಕೊಂಡಿತು. 2013ರಲ್ಲಿ ರಾವ್ ಅವರಿಗೆ ರಾಜ್ಯೋತ್ಸವ ಪ್ರಶಸ್ತಿಯೂ ಸಂದಿತು.

ಹೆಸರು ಬದಲಾದದ್ದು ಹೇಗೆ?

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶವು ಈ ವಿನ್ಯಾಸವನ್ನು ಸರ್ಕಾರಿ ಕಚೇರಿಗಳಿಗೆ ತಲುಪಿಸಿತು. ಜನರ ಬಾಯಲ್ಲಿ ಅದು ‘ನುಡಿ ಕೀಲಿಮಣೆ’ ಆಯಿತು. ಬಳಿಕ ಮುಕ್ತ ತಂತ್ರಾಂಶ ಬರೆಯುವವರು ಲಿನಕ್ಸ್‌ಗೆ ಕನ್ನಡವನ್ನು ತಂದಾಗ ಅಲ್ಲಿನ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರು ಸೇರಿತು. ಅದು ಪರಿಷತ್ತಿನ ಹೆಸರಿನ ಹ್ರಸ್ವರೂಪ. ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಭಾಷೆಗಳಿಗೂ ಲಿನಕ್ಸ್‌ನಲ್ಲಿ ‘ಕಗಪ’ ಹೆಸರಿನ ವಿನ್ಯಾಸಗಳಿವೆ. ಪ್ರಮಾಣೀಕರಣ, ಪ್ರಸಾರಗಳ ಶ್ರಮ ಪರಿಷತ್ತಿನದೇ ಆದ್ದರಿಂದ ಈ ಹೆಸರು ಅಕಾರಣವೇನಲ್ಲ. ಆದರೆ ಅದರಡಿಯಲ್ಲಿ ಮೂಲ ಕರ್ತೃ ಮರೆಯಾದರು.

ಪರವಾನಗಿ ಕಾಯುವುದೇನನ್ನು?

ಜಿಪಿಎಲ್‌ನಂತಹ ಮುಕ್ತ ಪರವಾನಗಿಗಳು ತಂತ್ರಾಂಶವನ್ನು ನಕಲಿಸಲು, ತಿದ್ದಲು, ಹಂಚಲು ಎಲ್ಲರಿಗೂ ಅನುಮತಿ ನೀಡುತ್ತವೆ. ಜತೆಗೆ ಒಂದು ಕಟ್ಟಳೆಯೂ ಇದೆ: ಮೂಲ ಕಡತದಲ್ಲಿರುವ ಕೃತಿಸ್ವಾಮ್ಯದ ಸಾಲನ್ನು ಅಳಿಸಕೂಡದು. ಆದರೆ ಕೀಲಿಮಣೆಯ ವಿನ್ಯಾಸ ಕಡತವಲ್ಲ, ಒಂದು ಯೋಜನೆ. ಬೇರೊಬ್ಬರು ಅದನ್ನು ತಮ್ಮದೇ ಸಂಕೇತಗಳಲ್ಲಿ ಹೊಸದಾಗಿ ಬರೆದಾಗ ಹಳೆಯ ಕಡತ ಬರುವುದಿಲ್ಲ, ಅದರಲ್ಲಿನ ಹೆಸರಿನ ಸಾಲೂ ಬರುವುದಿಲ್ಲ. ಅಲ್ಲಿ ಉಳಿಯುವುದು ಬರೆಯುವವರ ಸೌಜನ್ಯ ಮಾತ್ರ.

ಇಂಥ ತಕರಾರು ಕನ್ನಡಕ್ಕಷ್ಟೇ ಸೀಮಿತವಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ತಿರುಳನ್ನು ಹೊರತಂದರು. ಎರಡೂ ಕೂಡಿ ಆದ ವ್ಯವಸ್ಥೆಯನ್ನು ಜಗತ್ತು ‘ಲಿನಕ್ಸ್’ ಎಂದೇ ಕರೆಯಿತು. ‘ಗ್ನೂ/ಲಿನಕ್ಸ್’ ಎನ್ನಬೇಕೆಂಬುದು ಸ್ಟಾಲ್‌ಮನ್ ಅವರ ಪಟ್ಟು. ಹೆಸರಿನೊಡನೆ ಆ ಕೆಲಸದ ಉದ್ದೇಶವೂ ಮರೆಯಾಗುತ್ತದೆ ಎಂಬುದು ಅವರ ವಾದ.

ಹಣ ಪಡೆಯದೆ ದುಡಿಯುವವರಿಗೆ ಹೆಸರೇ ಸಂಭಾವನೆ. ಅದೂ ದೊರೆಯದಿದ್ದರೆ ಮುಂದಿನವರು ಈ ಕೆಲಸಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ. ಕನ್ನಡದಂತಹ ಭಾಷೆಗೆ ಅದು ಸಣ್ಣ ನಷ್ಟವಲ್ಲ.

ಪರಿಹಾರ ಕಠಿಣವೇನಲ್ಲ. ವಿಕಿಪೀಡಿಯದಲ್ಲಿ ಬಳಕೆಗೆ ಬಂದ ಮುಕ್ತ ಟೈಪಿಂಗ್ ಉಪಕರಣದಲ್ಲಿ ಇದೇ ವಿನ್ಯಾಸಕ್ಕೆ ‘ಕೆಜಿಪಿ/ನುಡಿ/ಕೆ.ಪಿ.ರಾವ್’ ಎಂದು ಹೆಸರಿಡಲಾಗಿದೆ. ಪ್ರಮಾಣೀಕರಿಸಿದ ಸಂಸ್ಥೆ, ಹಂಚಿದ ತಂತ್ರಾಂಶ, ರೂಪಿಸಿದ ವ್ಯಕ್ತಿ – ಮೂವರಿಗೂ ಅಲ್ಲಿ ಸ್ಥಾನವಿದೆ. ಈ ತಾಲ್ಲೂಕುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ‘ನುಡಿ’ ಕಲಿಸುವವರು ಮೊದಲ ದಿನವೇ ಆ ಮೂರನೆಯ ಹೆಸರನ್ನೂ ಹೇಳಿಕೊಟ್ಟರೆ ಬಾಕಿ ಉಳಿದ ಋಣ ಸ್ವಲ್ಪವಾದರೂ ತೀರೀತು.