ಎಪ್ಪತ್ತು ದಾಟಿದವರು ಮರ ಏರಬಾರದೇ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಕ್ಟೋಬರ್ ಬಂತೆಂದರೆ ಬಿಲ್ಲುಬೇಟೆಯ ಕಾಲ. ಬೆಳಕು ಹರಿಯುವ ಮುನ್ನವೇ ಕಾಡು ಸೇರಿ, ಬಿಳಿಬಾಲದ ಜಿಂಕೆಗಾಗಿ ಹದಿನೈದು ಇಪ್ಪತ್ತು ಅಡಿ ಎತ್ತರದಲ್ಲಿ ಮರಕ್ಕೆ ಅಂಟಿಕೊಂಡು ಕೂರುವವರಲ್ಲಿ ತಲೆ ನರೆತವರೂ ಇರುತ್ತಾರೆ. ‘ಈ ವಯಸ್ಸಿನಲ್ಲಿ ಮರ ಹತ್ತೋದು ಬೇಕಾ?’ ಎಂದು ಮನೆಯವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳುವವರಿಗೂ ಹತ್ತುವವರಿಗೂ ಅಪಾಯ ಎಲ್ಲಿದೆ ಎಂಬುದೇ ಸರಿಯಾಗಿ ಗೊತ್ತಿರುವುದಿಲ್ಲ.

ಮೊದಲನೆಯ ತಪ್ಪು, ಇದಕ್ಕೆ ತೋಳಿನ ಕಸುವು ಬೇಕು ಎನ್ನುವುದು. ಅವರು ಮರ ಏರಲು ಬಳಸುವ ಕ್ಲೈಂಬಿಂಗ್ ಸ್ಟ್ಯಾಂಡ್ ಎಂದರೆ ಏನೆಂದು ತಿಳಿಯಲು ನಮ್ಮ ಕಡೆಯ ತೆಂಗಿನಮರ ಹತ್ತುವ ಯಂತ್ರವನ್ನು, ಅದರಲ್ಲೂ ಕೂತು ಏರುವ ಮಾದರಿಯನ್ನು ನೆನೆಸಿಕೊಂಡರೆ ಸಾಕು. ಎರಡು ಭಾಗ: ಮೇಲಿನದು ಕೂರಲು, ಕೆಳಗಿನದು ನಿಲ್ಲಲು. ಎರಡಕ್ಕೂ ಕಾಂಡವನ್ನು ಸುತ್ತಿ ಬರುವ ಒಂದೊಂದು ಕೇಬಲ್. ಮೇಲಿನದನ್ನು ಎತ್ತಿ ಇಟ್ಟು ಕೂರಬೇಕು, ಪಟ್ಟಿಗೆ ಸಿಕ್ಕಿಸಿದ ಪಾದಗಳಿಂದ ಕೆಳಗಿನದನ್ನು ಎಳೆದುಕೊಳ್ಳಬೇಕು, ಎದ್ದು ನಿಲ್ಲಬೇಕು. ಮತ್ತೆ ಅದೇ. ದುಡಿಯುವುದು ಹೆಚ್ಚಾಗಿ ತೊಡೆ, ಮಂಡಿ. ಕುರ್ಚಿಯಿಂದ ಏಳಲು ಒದ್ದಾಡುವವರಿಗೆ ಇದು ಹೇಳಿಸಿದ್ದಲ್ಲ. ಉಳಿದವರಿಗೆ ಏರುವುದಕ್ಕಿಂತ, ಸುಮಾರು ಒಂಬತ್ತು ಕಿಲೋ ತೂಗುವ ಅದನ್ನು ಕತ್ತಲಲ್ಲಿ ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುವುದೇ ದೊಡ್ಡ ಕಷ್ಟ.

‘ಮೇಲೆ ಕೂತು ತೂಕಡಿಸಿದರೆ ಬೀಳುತ್ತಾರೆ’ ಎಂಬ ಭಯವೂ ಉಂಟು. ತೂಕಡಿಸಿ ಬಿದ್ದವರಿಲ್ಲವೆಂದಲ್ಲ. ಆದರೆ ಏರುವಾಗ, ಇಳಿಯುವಾಗ, ಮೇಲೆ ಮುಟ್ಟಿ ಮಗ್ಗುಲು ಬದಲಿಸುವಾಗ ಬೀಳುವವರು ಬಹಳ. ಮೇಲೆ ಹೋದ ನಂತರ ಬೆಲ್ಟ್ ಕಟ್ಟಿಕೊಳ್ಳುತ್ತೇನೆ ಎನ್ನುವವರು ಬೇಕಾದ ಹೊತ್ತಿನಲ್ಲಿ ಅದಿಲ್ಲದೆ ಇರುತ್ತಾರೆ. ಕಟ್ಟಿಕೊಳ್ಳುವುದು ಸೊಂಟದ ಬೆಲ್ಟನ್ನೂ ಅಲ್ಲ, ಇಡೀ ಮೈಯನ್ನು ಹಿಡಿಯುವ ಹಾರ್ನೆಸ್ಸನ್ನು. ಒಂದೇ ಮರದಲ್ಲಿ ಕಾಯಂ ಆಗಿ ಕಟ್ಟಿದ ಸ್ಟ್ಯಾಂಡಿಗೆ ಮೇಲಿಂದ ನೆಲದವರೆಗೆ ಜೀವರಕ್ಷಕ ಹಗ್ಗ ಬಿಟ್ಟಿಡಬಹುದು. ದಿನಕ್ಕೊಂದು ಮರ ಹುಡುಕುವ ಕ್ಲೈಂಬರಿಗೆ ಆ ಸೌಕರ್ಯವಿಲ್ಲ. ಕಾಂಡಕ್ಕೆ ಸುತ್ತಿದ ಪಟ್ಟಿಯನ್ನು ಪ್ರತಿ ಹೆಜ್ಜೆಗೂ ಕೈಯಾರೆ ಜರುಗಿಸಿ ತಲೆಗಿಂತ ಮೇಲೆ ಇಟ್ಟುಕೊಳ್ಳಬೇಕು. ಬೇಸರದ ಕೆಲಸ. ‘ನಲವತ್ತು ವರ್ಷದಿಂದ ಹತ್ತುತ್ತಿದ್ದೇನೆ, ಒಮ್ಮೆಯೂ ಬಿದ್ದಿಲ್ಲ’ ಎನ್ನುವ ಹಿರಿಯರು ಜಾರುವುದು ಇಲ್ಲೇ.

ವಯಸ್ಸಿನ ಪಾತ್ರವೇ ಇಲ್ಲವೆಂದರೆ ಅದೂ ಸುಳ್ಳು. ಅದು ಮಾತ್ರೆ ಡಬ್ಬಿಯಲ್ಲಿದೆ. ಕೆಲವು ಬಿಪಿ ಮಾತ್ರೆಗಳು ಕೂತವರು ಏಳುವಾಗ ತಲೆ ತಿರುಗಿಸುತ್ತವೆ. ಈ ಯಂತ್ರದಲ್ಲೋ ಕೂರುವುದು, ಏಳುವುದು ಬಿಟ್ಟು ಬೇರೇನಿಲ್ಲ. ರಕ್ತ ತೆಳುವಾಗಲು ಔಷಧಿ ತೆಗೆದುಕೊಳ್ಳುವವರಿಗೆ ತಲೆಗೆ ಸಣ್ಣ ಪೆಟ್ಟೂ ದೊಡ್ಡದಾಗಬಹುದು. ಡಾಕ್ಟರ ಬಳಿ ‘ಬೇಟೆಗೆ ಹೋಗಬಹುದಾ’ ಎಂದು ಕೇಳುವುದಕ್ಕಿಂತ, ‘ಇಪ್ಪತ್ತು ಸಲ ಕೂತು ಎದ್ದು ಮರ ಹತ್ತುತ್ತೇನೆ’ ಎಂದು ಬಿಡಿಸಿ ಹೇಳುವುದು ಮೇಲು.

ಹಾರ್ನೆಸ್ ಹಿಡಿದರೆ ಉಳಿದಂತೆ ಎನ್ನುವುದೂ ಅರ್ಧ ಸತ್ಯ. ಕಾಲು ಅಲ್ಲಾಡಿಸದೆ ನೇತಾಡಿದರೆ ರಕ್ತ ಕಾಲುಗಳಲ್ಲೇ ನಿಂತು ಎಚ್ಚರ ತಪ್ಪಬಹುದು. ಅದಕ್ಕೇ ಹಾರ್ನೆಸ್ ಜೊತೆಗೊಂದು ಪಟ್ಟಿ ಇರುತ್ತದೆ, ಕುಣಿಕೆ ಮಾಡಿ ಪಾದವಿಟ್ಟು ನಿಲ್ಲಲು. ಫೋನು ಬ್ಯಾಗಿನಲ್ಲಲ್ಲ, ನೇತಾಡುವಾಗಲೂ ಕೈಗೆ ಎಟುಕುವ ಮುಂದಿನ ಜೇಬಿನಲ್ಲಿರಬೇಕು. ಸ್ಟ್ಯಾಂಡಿನ ಎರಡು ಭಾಗಗಳನ್ನು ಒಂದು ಹಗ್ಗದಿಂದ ಪರಸ್ಪರ ಕಟ್ಟಿರಬೇಕು. ಕಟ್ಟದಿದ್ದರೆ ಪಾದ ತಪ್ಪಿದ ಗಳಿಗೆಯಲ್ಲಿ ಕೆಳಗಿನದು ಸರ್ರನೆ ಬುಡಕ್ಕೆ ಇಳಿದುಬಿಡುತ್ತದೆ, ಮನುಷ್ಯ ಮೇಲಿನದರಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾನೆ.

ಯಾವ ಮರವಾದರೂ ಆದೀತೆ? ಇಲ್ಲ. ನೆಟ್ಟಗೆ, ಏರುವಷ್ಟು ಎತ್ತರದವರೆಗೆ ಕೊಂಬೆಯಿಲ್ಲದ ಟ್ಯೂಲಿಪ್ ಪಾಪ್ಲರ್ ಸಿಕ್ಕಿದರೆ ಪುಣ್ಯ. ಶ್ಯಾಗ್‌ಬಾರ್ಕ್ ಹಿಕರಿಯ ತೊಗಟೆ ಹಪ್ಪಳದಂತೆ ಎದ್ದಿರುತ್ತದೆ, ಸ್ಟ್ಯಾಂಡಿನ ಹಲ್ಲು ಕಚ್ಚುವುದು ಮರವನ್ನಲ್ಲ, ಆ ಸಿಪ್ಪೆಯನ್ನು. ನುಣುಪು ಬೀಚ್ ಮರ ಮಂಜು ಬಿದ್ದ ದಿನ ಜಾರುಬಂಡೆ. ಇನ್ನೊಂದು: ಮೇಲೆ ಹೋದಷ್ಟೂ ಕಾಂಡ ಸಣ್ಣದಾಗುತ್ತದೆ, ಕೇಬಲ್ ಸಡಿಲವಾಗಿ ಹಲಗೆಯ ಹೊರತುದಿ ತಗ್ಗುತ್ತದೆ. ಹಾಗಾಗಿ ಬುಡದಲ್ಲೇ ಅದನ್ನು ಕೊಂಚ ಮೇಲ್ಮುಖವಾಗಿ ಕಟ್ಟಬೇಕು.

ಎತ್ತರ ಹೆಚ್ಚಿದಷ್ಟೂ ಬೇಟೆ ಖಚಿತ ಎನ್ನುವವರಿಗೆ ಬಾಣದ ಲೆಕ್ಕ ಗೊತ್ತಿಲ್ಲ. ತೀರಾ ಮೇಲಿಂದ ಕಡಿದಾಗಿ ಬಿಟ್ಟ ಬಾಣ ಒಂದೇ ಶ್ವಾಸಕೋಶಕ್ಕೆ ತಾಗಿ, ಜಿಂಕೆ ನರಳುತ್ತಾ ಮೈಲಿಗಟ್ಟಲೆ ಓಡಬಹುದು. ಹನ್ನೆರಡು ಹದಿನೈದು ಅಡಿ, ಗಾಳಿಯ ದಿಕ್ಕು ಸರಿಯಿದ್ದರೆ, ಧಾರಾಳ ಸಾಕು.

ಬಿಲ್ಲು ಎಳೆಯಲಾಗದು ಎಂಬ ಚಿಂತೆ ಸಣ್ಣದು. ಕಾಂಪೌಂಡ್ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಭಾರದ ಬಹುಪಾಲು ಇಳಿದಿರುತ್ತದೆ. ಪೆನ್ಸಿಲ್ವೇನಿಯಾದಲ್ಲಿ 2009ರಿಂದ ಬಿಲ್ಲಿನ ಋತುವಿನಲ್ಲಿ ಕ್ರಾಸ್‌ಬೋಗೂ ಅವಕಾಶವಿದೆ. ಯಾವುದೇ ಆಗಲಿ, ಕೈಯಲ್ಲಿ ಹಿಡಿದು ಹತ್ತುವಂತಿಲ್ಲ. ಬಾಣವಿಡದೆ ಕೆಳಗಿಟ್ಟು, ಮೇಲೆ ಹೋಗಿ ಕೂತ ಮೇಲೆ ಹಗ್ಗದಿಂದ ಸೇದಿಕೊಳ್ಳುವುದು.

ನಮ್ಮಲ್ಲಿ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯ ತಡೆಯಿದೆ. ಅಟ್ಟಣೆ ಉಳಿದಿರುವುದು ಬೆಳೆ ಕಾಯಲು. ಆದರೂ ಪೆನ್ಸಿಲ್ವೇನಿಯಾದಲ್ಲಿ ನನ್ನ ನೆರೆಮನೆಯ ಹಿರಿಯರೊಬ್ಬರನ್ನು ಕಂಡಾಗ ನನಗೆ ನೆನಪಾದದ್ದು ನಮ್ಮೂರ ಅಡಿಕೆ ಕೊನೆಗಾರರೇ. ಆಗಸ್ಟಿನ ಒಂದು ಸಂಜೆ ಆ ಹಿರಿಯರು ಹಿತ್ತಲ ಮರಕ್ಕೆ ಸ್ಟ್ಯಾಂಡ್ ಕಟ್ಟಿ, ನೆಲದಿಂದ ಮೂರೇ ಅಡಿ ಮೇಲೆ, ಬೇಕೆಂದೇ ಹಾರ್ನೆಸ್ಸಿನಲ್ಲಿ ಜೋತುಬಿದ್ದು ಪಾದದಿಂದ ಕುಣಿಕೆ ಹುಡುಕುತ್ತಿದ್ದರು. ಹೆಂಡತಿ ಪಕ್ಕದಲ್ಲೇ ಗಡಿಯಾರ ನೋಡುತ್ತಾ ನಿಂತಿದ್ದರು. ಮೊದಲ ಸಲ ಕುಣಿಕೆ ಸಿಕ್ಕಲಿಲ್ಲ.