ಕಣ್ಣೆತ್ತಿ ನೋಡಿ, ಹೆಜ್ಜೆ ಹಾಕಿ!

ಕನ್ನಡಿ ಮುಂದೆ ನಿಂತರೆ ನಿಮಗೆ ಮೊದಲು ಕಾಣೋದು ಏನು? ಹೊಟ್ಟೆಯ ಬೊಜ್ಜು, ದಪ್ಪ ತೋಳು ತಾನೇ? ಲಂಡನ್, ನ್ಯೂಯಾರ್ಕ್‌ಗಳಲ್ಲಿ ಇಂಥದ್ದೇ ಸಂಕೋಚದ ಹೆಂಗಸರು ಧೈರ್ಯಕ್ಕಾಗಿ ಕಲಿಯುವ ನೃತ್ಯವೊಂದಿದೆ. ಅದೇ ಬರ್ಲೆಸ್ಕ್.

'ಅಯ್ಯೋ, ಬಟ್ಟೆ ಬಿಚ್ಚೋ ಡಾನ್ಸಾ?' ಅಂತ ಮೂಗು ಮುರಿಯಬೇಡಿ. ರಂಗದ ಮೇಲೆ ಅದೂ ಇದೆ, ನಿಜ. ಆದರೆ ಇದರ ಬೇರು ಇರೋದು ತಮಾಷೆಯಲ್ಲಿ. 1868ರಲ್ಲಿ ಇಂಗ್ಲೆಂಡಿನ ಲಿಡಿಯಾ ಥಾಂಪ್ಸನ್ ತಂಡ ನ್ಯೂಯಾರ್ಕ್‌ಗೆ ಹೋಗಿ, ಗಂಡಸರ ಪಾತ್ರಗಳನ್ನೂ ಹೆಂಗಸರೇ ಮಾಡಿ ಜನರನ್ನು ನಗಿಸಿತ್ತು.

ಹೊಸಬರಿಗೆ ಮೊದಲು ಕಲಿಸೋದು ನಡಿಗೆ. ಬೆನ್ನು ನೆಟ್ಟಗೆ, ಭುಜ ಹಿಂದಕ್ಕೆ, ಗದ್ದ ಮೇಲಕ್ಕೆ. ಆಮೇಲೆ ಉದ್ದನೆಯ ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸೋದು. ಅವಸರ ಮಾಡೋ ಹಾಗಿಲ್ಲ, ನೋಡುವವರಿಂದ ಕಣ್ಣು ತಪ್ಪಿಸೋ ಹಾಗಿಲ್ಲ. ಕಷ್ಟ ಇರೋದೇ ಅಲ್ಲಿ!

ಅಂಥ ಊರಲ್ಲಿದ್ದು ಸೇರುವ ಮನಸ್ಸಿದ್ದರೆ ಮೊದಲೇ ಕೇಳಿ: ವಿಡಿಯೊ ತೆಗೀತಾರಾ? ಪ್ರದರ್ಶನ ಕೊಡಲೇಬೇಕಾ? ಏನು ತೆಗೆಯಬೇಕು, ಏನು ಬೇಡ ಅನ್ನೋ ನಿರ್ಧಾರ ನಿಮ್ಮದೇ ಆಗಿರಲಿ.

ಹತ್ತಿರದಲ್ಲಿ ತರಗತಿ ಇಲ್ಲವೇ? ಕೋಣೆ ಬಾಗಿಲು ಹಾಕಿಕೊಳ್ಳಿ. ಇಷ್ಟದ ಹಾಡು ಹಚ್ಚಿ, ಕನ್ನಡಿಯತ್ತ ನಿಧಾನವಾಗಿ ನಡೆದು ಬನ್ನಿ. ಕಣ್ಣು ಕೆಳಗೆ ಹಾಕಬೇಡಿ. ಸಣ್ಣಗಾದ ಮೇಲೆ ನೋಡೋಣ ಅಂತ ಕಾಯೋದೇಕೆ? ಇವತ್ತಿನ ಮೈಯೂ ನಿಮ್ಮದೇ ಅಲ್ವಾ?